ಗುಳಿಗಿ ಬಿಟ್ರೆ ಇನ್ನೂ ಚಲೋ ಬರೀತೀರೇನ್ರಿ?

ಇಲ್ಲ.

ಅವಸರದಲ್ಲಿ ಇರುವವರು ಇಲ್ಲಿಗೇ ನಿಲ್ಲಿಸಬಹುದು.

ನನಗೆ ಬೈಪೋಲಾರ್ ಕಾಯಿಲೆ ಇದೆ. ಮನಸ್ಸು ಕೆಲವು ದಿನ ವಿಪರೀತ ಏರುತ್ತದೆ, ಕೆಲವು ದಿನ ಪೂರಾ ಇಳಿಯುತ್ತದೆ. ಕತೆಯನ್ನೂ ಬರೆಯುತ್ತೇನೆ. ಎರಡೂ ಒಟ್ಟಿಗೆ ಗೊತ್ತಾದ ಕೂಡಲೇ ಜನರ ಮುಖ ಅರಳುತ್ತದೆ, ಮೇಲಿನ ಪ್ರಶ್ನೆ ಬರುತ್ತದೆ. ಬಿಪಿ, ಶುಗರ್ ಇದೆ ಅಂದರೆ ಯಾರ ಮುಖವೂ ಅರಳುವುದಿಲ್ಲ.

ವಿಜಯಪುರದಲ್ಲಿ ಗೆಳೆಯನ ಪುಸ್ತಕ ಬಿಡುಗಡೆ ಇತ್ತು. ಭಾಷಣ ಮುಗಿದು ಊಟಕ್ಕೆ ನಿಂತಿದ್ದೆವು. ನಿವೃತ್ತ ಮಾಸ್ತರರೊಬ್ಬರು ಹತ್ತಿರ ಬಂದು, "ಆ ಗುಳಿಗಿ ತುಸು ದಿವಸ ಬಿಟ್ಟು ನೋಡ್ರಿ. ದೊಡ್ಡ ಕಾದಂಬರಿನೇ ಬಂದೀತು" ಅಂದರು. ಹೇಳುವಾಗ ಅವರ ಕೈಯಲ್ಲಿ ಅವರದೇ ಶುಗರ್ ಗುಳಿಗೆ ಇತ್ತು. ಊಟಕ್ಕೆ ಮೊದಲು ನುಂಗಬೇಕಂತೆ, ನೀರು ಹುಡುಕುತ್ತಿದ್ದರು. ನನ್ನ ಬಾಟಲಿ ಕೊಟ್ಟೆ.

ಬಾಟಲಿ ನನ್ನ ಹತ್ತಿರ ಯಾವಾಗಲೂ ಇರುತ್ತದೆ. ನನ್ನ ಗುಳಿಗೆಯ ಹೆಸರು ಲಿಥಿಯಂ, ಅದನ್ನು ತಗೊಳ್ಳುವವರಿಗೆ ಬಾಯಾರಿಕೆ ಜಾಸ್ತಿ. ಬೇಸಿಗೆಯಲ್ಲಿ ನಮ್ಮೂರು 40 ಡಿಗ್ರಿ ದಾಟುತ್ತದೆ. ಬೆವರಿ ಬೆವರಿ ಮೈಯಲ್ಲಿ ನೀರು, ಉಪ್ಪು ಕಮ್ಮಿಯಾದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಅದಕ್ಕೇ ಆಗಾಗ ರಕ್ತ ಪರೀಕ್ಷೆ. ಥೈರಾಯ್ಡ್, ಕಿಡ್ನಿ ಕೂಡ ನೋಡುತ್ತಾರೆ. ಮೈಕೈ ನೋವಿಗೆ ಐಬುಪ್ರೊಫೆನ್ ಸುಮ್ನೆ ನುಂಗುವ ಹಾಗಿಲ್ಲ. ಕೈ ಸಣ್ಣಗೆ ನಡುಗುತ್ತದೆ, ಚೆಕ್ಕಿನ ಮೇಲಿನ ಸಹಿ ಹೊಂದುವುದಿಲ್ಲ. ಇದ್ಯಾವುದರ ಬಗ್ಗೆಯೂ ಯಾರಿಗೂ ಕುತೂಹಲವಿಲ್ಲ. ತಟ್ಟನೆ ಬಿಟ್ಟರೆ ಕಾಯಿಲೆ ತಿರುಗಿ ಬೀಳುವ ಸಾಧ್ಯತೆ ಜಾಸ್ತಿ ಅನ್ನುವುದು ಮಾಸ್ತರರಿಗೆ ಗೊತ್ತಿರಲಿಲ್ಲ, ಇರಲಿ.

ನಮ್ಮ ಕಡೆ ಯಾರಾದರೂ ವಿಚಿತ್ರವಾಗಿ ಆಡಿದರೆ "ಧಾರವಾಡಕ್ಕ ಕಳಿಸ್ರಿ" ಎಂದು ನಗುತ್ತಾರೆ. ಅಲ್ಲಿನ ಮಾನಸಿಕ ಆಸ್ಪತ್ರೆ ಅಷ್ಟು ಪ್ರಸಿದ್ಧ. ಬರೆಯುವವನಿಗೆ ಬಂದರೆ ಮಾತ್ರ ಅದೇ ಹುಚ್ಚು ಪ್ರತಿಭೆಯಾಗಿಬಿಡುತ್ತದೆ. ಬಸವನಬಾಗೇವಾಡಿಯ ರೈತನಿಗೆ ಇದೇ ಕಾಯಿಲೆ ಇದ್ದರೆ, "ಗುಳಿಗಿ ಬಿಡಪ್ಪಾ, ಜ್ವಾಳ ಚಲೋ ಬಂದೀತು" ಎಂದು ಯಾರಾದರೂ ಹೇಳುತ್ತಾರಾ?

ಓದಿಕೊಂಡವರು ಇಂಗ್ಲಿಷ್ ಕಾದಂಬರಿಗಾರ್ತಿ ವರ್ಜೀನಿಯಾ ವುಲ್ಫ್ ಹೆಸರು ತೆಗೆಯುತ್ತಾರೆ. ಆಕೆಗಿದ್ದದ್ದು ಇದೇ ಕಾಯಿಲೆ ಎಂದು ಆಮೇಲಿನ ಡಾಕ್ಟರುಗಳು ಹಲವರು ಹೇಳಿದ್ದಾರೆ, ಒಪ್ಪೋಣ. ಆದರೆ ಕಾಯಿಲೆ ಜೋರಾದಾಗ ಆಕೆ ಹಾಸಿಗೆಯಲ್ಲಿದ್ದರು, ಬರೆಯಲು ಬಿಡುತ್ತಿರಲಿಲ್ಲ. ಪುಸ್ತಕಗಳನ್ನು ತಿದ್ದಿ ತಿದ್ದಿ ಬರೆದದ್ದು ಆರೋಗ್ಯ ಇದ್ದಾಗ. ಆಕೆ ಜೀವ ಕಳೆದುಕೊಂಡದ್ದು 1941ರಲ್ಲಿ. ಲಿಥಿಯಂ ಈ ಕಾಯಿಲೆಗೆ ಆಗುತ್ತದೆ ಎಂದು ಆಸ್ಟ್ರೇಲಿಯಾದ ಡಾಕ್ಟರ್ ಜಾನ್ ಕೇಡ್ ಬರೆದದ್ದು 1949ರಲ್ಲಿ. ಗುಳಿಗೆ ಇಲ್ಲದ್ದರಿಂದ ಎಷ್ಟು ಪುಸ್ತಕ ಬಂದವು ಎಂದು ಲೆಕ್ಕ ಹಾಕುವವರು ಎಷ್ಟು ಬರಲಿಲ್ಲ ಎಂದೂ ಹಾಕಲಿ.

ಏರಿದ ದಿನಗಳಲ್ಲಿ ಬರೆಯುವುದೇ ಇಲ್ಲವೇ? ರಾಶಿ ರಾಶಿ ಬರೆದಿದ್ದೇನೆ. ಗೋಳಗುಮ್ಮಟದ ಒಳಗೆ ಕೂಗಿದ ಹಾಗೆ. ಒಂದೇ ಮಾತು ಮತ್ತೆ ಮತ್ತೆ ತಿರುಗಿ ಬರುತ್ತದೆ, ಊರೇ ಮಾತಾಡಿದಂತೆ ಕೇಳಿಸುತ್ತದೆ, ಕೂಗಿದವನು ಒಬ್ಬನೇ. ಆ ನೋಟ್‌ಬುಕ್ಕುಗಳು ಅಟ್ಟದ ಮೇಲಿವೆ. ಕತೆಯೊಳಗೆ ಸೇರಿದ ಸಾಲು ಬಹಳ ಕಮ್ಮಿ. ಆಗಲೇ ಪತ್ರಿಕೆ ಶುರು ಮಾಡುತ್ತೇನೆ ಎಂದು ಸಾಲವನ್ನೂ ಮಾಡಿದ್ದೆ. ತೀರಿಸಿದ್ದು ಅಕ್ಕ. ಅವಳನ್ನು ಯಾವ ಸಾಹಿತ್ಯಪ್ರೇಮಿಯೂ ಏನೂ ಕೇಳಿಲ್ಲ. ಇಳಿದ ದಿನಗಳ ಬಗ್ಗೆ ಹೇಳುವುದೇ ಬೇಡ. ಸ್ನಾನ ಮಾಡುವುದೇ ದೊಡ್ಡ ಕೆಲಸ, ಬರೆಯುವುದು ದೂರ ಉಳಿಯಿತು.

ಕೇಳಲೇಬೇಕು ಅಂದರೆ ಇದನ್ನು ಕೇಳಿ: "ಬರವಣಿಗೆ ಚಲೋ ಆದ ದಿನ ಅಂಜಿಕೆ ಆಗ್ತದೇನ್ರಿ?"

ಆಗುತ್ತದೆ. ಬೇರೆ ಲೇಖಕರು ಅಂಥ ದಿನ ಗೆಳೆಯರಿಗೆ ಫೋನ್ ಮಾಡಿ ಖುಷಿಪಡುತ್ತಾರೆ. ನಾನು ಗಡಿಯಾರ ನೋಡುತ್ತೇನೆ. ಈ ಖುಷಿ ಕತೆಯದೋ, ಕಾಯಿಲೆಯದೋ? ಒಳಗಿನಿಂದ ಎರಡೂ ಒಂದೇ ಥರ ಇರುತ್ತವೆ. ಹೊರಗಿನ ಗುರುತು ಒಂದೇ, ನಿದ್ದೆ. ಕಮ್ಮಿ ಮಲಗಿಯೂ ದಣಿವಾಗದಿದ್ದರೆ ಡಾಕ್ಟರಿಗೆ ಹೇಳಬೇಕು. ಅಕ್ಕ ಬೆಳಿಗ್ಗೆ ಫೋನ್ ಮಾಡಿದರೆ ಕತೆ ಎಲ್ಲಿಗೆ ಬಂತು ಅನ್ನುವುದಿಲ್ಲ, "ಎಷ್ಟು ತಾಸು ಮಲಗಿದಿ?" ಅನ್ನುತ್ತಾಳೆ. ಸುಳ್ಳು ಹೇಳಿದರೆ ದನಿಯಲ್ಲೇ ಹಿಡಿಯುತ್ತಾಳೆ.

ಹಾಗಾಗಿ ರಾತ್ರಿ ಹತ್ತಕ್ಕೆ ನೋಟ್‌ಬುಕ್ ಮುಚ್ಚುತ್ತೇನೆ, ಸಾಲು ಅರ್ಧಕ್ಕೆ ನಿಂತರೂ. ಕೆಲವು ಸಾಲು ಬೆಳಿಗ್ಗೆ ಸಿಗುತ್ತವೆ. ಕೆಲವು ಸಿಗುವುದೇ ಇಲ್ಲ. ಹೊಟ್ಟೆ ಉರಿಯುತ್ತದೆ, ಇಲ್ಲ ಅಂತ ಯಾಕೆ ಹೇಳಲಿ?