ಬಡಗು ದಿಕ್ಕಿನ ಆಂಟೆನಾ

ಎಂಬತ್ತು–ತೊಂಬತ್ತರ ದಶಕದಲ್ಲಿ ನಮ್ಮ ಶಾಲೆಯಲ್ಲಿ ಕಲಿತವರಿಗೆ ‘ಬಂಗಾರದ ಮನುಷ್ಯ’ದ ಹಾಡುಗಳು ಬಾಯಿಪಾಠ, ಕಥೆ ಅರ್ಧಂಬರ್ಧ. ಹಾಡು ರೇಡಿಯೋದಲ್ಲಿ ಬರುತ್ತಿತ್ತು. ಚಿತ್ರಕ್ಕೆ ದೂರದರ್ಶನವೇ ಗತಿ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತ್ತಲ್ಲ, ಪ್ರಾದೇಶಿಕ ಪ್ರಸಾರದ ಹೊತ್ತಿಗೆ ಇಲ್ಲಿನ ಗೋಪುರಗಳಿಂದ ಬರುತ್ತಿದ್ದದ್ದು ತಿರುವನಂತಪುರ. ಕನ್ನಡ ಬೇಕಾದವರು ಆಂಟೆನಾವನ್ನು ಮಂಗಳೂರಿನತ್ತ, ಬಡಗಿಗೆ ತಿರುಗಿಸಬೇಕಿತ್ತು. ಗಿಡ್ಡ ಕಡ್ಡಿಗಳು ಗೋಪುರದ ಕಡೆಗೆ, ಎಲ್ಲಕ್ಕಿಂತ ಉದ್ದದ್ದು ಹಿಂದಕ್ಕೆ. ಅಡಿಕೆ ಮರದ ಕಂಬ ಗಾಳಿಗೆ ಚೂರು ತಿರುಗಿದರೂ ಪರದೆಯ ತುಂಬ ಚುಕ್ಕಿ.

ಮನೆಗಳಿದ್ದದ್ದು ತೋಟದ ತಗ್ಗಿನಲ್ಲಿ, ಸುತ್ತ ಮುರಕಲ್ಲಿನ ಗುಡ್ಡೆ. ಟಿವಿ ತರಂಗ ಹೆಚ್ಚುಕಡಿಮೆ ನೇರವಾಗಿಯೇ ಹೋಗುವಂಥದ್ದು, ಗುಡ್ಡೆಗೆ ಬಡಿದು ಬಂದರೆ ತಡವಾಗುತ್ತದೆ. 300 ಮೀಟರ್ ಸುತ್ತಿ ಬಂದ ತರಂಗ 20 ಇಂಚಿನ ಪರದೆಯಲ್ಲಿ ಸುಮಾರು 8 ಮಿಲಿಮೀಟರ್ ಬಲಕ್ಕೆ ಇನ್ನೊಂದು ಮಸುಕು ಚಿತ್ರ ಮೂಡಿಸುತ್ತಿತ್ತು. ಒಬ್ಬ ರಾಜಕುಮಾರ್ ಪಕ್ಕದಲ್ಲಿ ಇನ್ನೊಬ್ಬರು. ಇದಕ್ಕೆ ಬೂಸ್ಟರ್ ಹಾಕಿ ಪ್ರಯೋಜನವಿಲ್ಲ, ಅದು ಎರಡನ್ನೂ ಬಲಪಡಿಸುತ್ತದೆ. ಕಂಬವನ್ನು ಒಂದೆರಡು ಮಾರು ಆಚೆ ನೆಟ್ಟರೆ ಕೆಲವೊಮ್ಮೆ ಸರಿಯಾಗುತ್ತಿತ್ತು.

ಮಳೆಗಾಲದ್ದು ಬೇರೆಯೇ ಪಾಡು. ಚಪ್ಪಟೆ ರಿಬ್ಬನ್ ವಯರು ಒದ್ದೆಯಾದರೆ ಸಂಕೇತ ಅರ್ಧದಾರಿಯಲ್ಲೇ ಸೊರಗುತ್ತದೆ. ಅಲ್ಯೂಮಿನಿಯಂ ಕಡ್ಡಿಗೆ ತಾಮ್ರದ ತಂತಿ ಬಿಗಿದ ಸ್ಕ್ರೂವಿನ ಬುಡದಲ್ಲಿ ಕಡಲ ಉಪ್ಪುಗಾಳಿಗೆ ಬಿಳಿ ಪುಡಿ ಕಟ್ಟುತ್ತಿತ್ತು. ಅದನ್ನು ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಬಿಗಿಯುವಷ್ಟರಲ್ಲಿ ಮಧ್ಯಂತರ ಮುಗಿದಿರುತ್ತಿತ್ತು.

ತಪ್ಪಿಹೋದದ್ದು ಬರೀ ಕಥೆಯಲ್ಲ. ತುಳು, ಹವ್ಯಕ, ಕೊಂಕಣಿ, ಮರಾಠಿ, ಮಲಯಾಳ ಆಡುವ ಮನೆಗಳಿಂದ ಬಂದ ಮಕ್ಕಳಿಗೆ ಶಾಲೆಯ ಕನ್ನಡ ಪುಸ್ತಕದ ಕನ್ನಡ. ಅಣ್ಣ ತಮ್ಮಂದಿರು ಜಗಳವಾಡುವ, ಅತ್ತೆ ಸೊಸೆಯನ್ನು ಊಟಕ್ಕೆ ಕರೆಯುವ ಮೈಸೂರು ಸೀಮೆಯ ಕನ್ನಡ ಕಿವಿಗೆ ಬೀಳಬಹುದಾಗಿದ್ದದ್ದು ಆ ಚಿತ್ರಗಳಲ್ಲೇ. ಕೇಬಲ್ ಬರುವಷ್ಟರಲ್ಲಿ ಆ ಮಕ್ಕಳು ಶಾಲೆ ಬಿಟ್ಟಾಗಿತ್ತು.

ಈಗ ಪ್ರೊಜೆಕ್ಟರ್ ಇರುವ ಶಾಲೆಗಳು ಇದನ್ನು ತುಂಬಿಕೊಡಬಹುದು, ಕೊಡಲೇಬೇಕು. ಎರಡೂವರೆ ಗಂಟೆಯ ಚಿತ್ರಕ್ಕೆ 40 ನಿಮಿಷದ ನಾಲ್ಕು ಪೀರಿಯಡ್ ಸಾಕು. ಸ್ಪೀಕರನ್ನು ಮಕ್ಕಳ ಹಿಂದಿಡದೆ ಪರದೆಯ ಪಕ್ಕ, ಅವರ ಕಿವಿಯ ಎತ್ತರಕ್ಕೆ ಇಡಿ. ಹಳೆಯ ಚಿತ್ರಗಳ ಮಾತು ಮೊದಲೇ ಮಂದ. ಹಂಚಿನ ಸಂದಿನ ಬೆಳಕಿಗೆ ಕಪ್ಪು ಟಾರ್ಪಾಲು ಕಟ್ಟಿ. ಜೂನ್, ಜುಲೈ ಬೇಡ. ಮಾಡಿಗೆ ಮಳೆ ಹೊಯ್ದರೆ ಒಂದು ಮಾತೂ ಕೇಳಿಸದು.