ಪೆನ್ಲೀ ದೋಣಿಯ ಮುಂದಾಳು
ಸಂಬಳವಿಲ್ಲದೆ, ಮನಸಾರೆ ಕಡಲಿಗಿಳಿಯುವವರನ್ನು ಬರೀ ಆಜ್ಞೆಯಿಂದ ನಡೆಸಲಾಗದು ಎಂಬುದು ಬ್ರಿಟನ್ನಿನ ಜೀವರಕ್ಷಕ ದೋಣಿ ಸಂಸ್ಥೆಯಾದ ಆರ್‌ಎನ್‌ಎಲ್‌ಐ ಚರಿತ್ರೆಯನ್ನು ಓದುವಾಗಲೆಲ್ಲ ನನಗೆ ಮನವರಿಕೆಯಾಗುತ್ತದೆ. 1824ರಲ್ಲಿ ಸರ್ ವಿಲಿಯಂ ಹಿಲರಿಯವರ ಪ್ರಯತ್ನದಿಂದ ಹುಟ್ಟಿದ ಈ ಸಂಸ್ಥೆಯ ದೋಣಿಗಳಲ್ಲಿ ಇಂದಿಗೂ ಬಹುಪಾಲು ಸ್ವಯಂಸೇವಕರೇ ಇದ್ದಾರೆ. 1981ರ ಡಿಸೆಂಬರ್ 19ರ ರಾತ್ರಿ, ಕಾರ್ನ್‌ವಾಲ್ ಕರಾವಳಿಯ ಭೀಕರ ಬಿರುಗಾಳಿಯಲ್ಲಿ ಅಪಾಯಕ್ಕೆ ಸಿಲುಕಿದ್ದ ಹಡಗಿನತ್ತ ಈ ಸಂಸ್ಥೆಯ ಪೆನ್ಲೀ ಠಾಣೆಯ ದೋಣಿಯನ್ನು ಹೊರಡಿಸಿದ ನಾಯಕ ಟ್ರೆವೆಲಿಯನ್ ರಿಚರ್ಡ್ಸ್, ತಂದೆ ಆಗಲೇ ತಂಡದಲ್ಲಿದ್ದ ಯುವಕನೊಬ್ಬನನ್ನು, ಒಂದೇ ಮನೆಯ ಇಬ್ಬರು ಬೇಡವೆಂದು ದಡದಲ್ಲೇ ಉಳಿಸಿದರು. ದೋಣಿಯೇರಿದ ಎಂಟು ಮಂದಿಯೂ, ರಿಚರ್ಡ್ಸ್ ಸಹಿತ, ಮರಳಲಿಲ್ಲ. ಬರಲು ಸಿದ್ಧನಿರುವವನನ್ನು ತಡೆಯುವ ಅಧಿಕಾರವನ್ನೂ, ತಾನೇ ಚುಕ್ಕಾಣಿ ಹಿಡಿಯುವ ಹೊಣೆಯನ್ನೂ ಒಟ್ಟಿಗೆ ಹೊತ್ತ ಅಂಥವರನ್ನೇ ನಾನು ಮುಂದಾಳುಗಳೆಂದು ಗೌರವಿಸುತ್ತೇನೆ. ದುರಂತವಾದ ಒಂದೇ ದಿನದೊಳಗೆ ಮಡಿದವರ ಊರಾದ ಮೌಸ್‌ಹೋಲ್ ಎಂಬ ಪುಟ್ಟ ಹಳ್ಳಿಯವರು ಹೊಸ ತಂಡಕ್ಕೆ ಬೇಕಾದಷ್ಟು ಜನರಾಗಿ ಮುಂದೆ ಬಂದರು.