ಓಡುವಾಗ ತಂಪು, ನಿಂತಾಗ ಬಿಸಿ: ಹಳೆಯ ಕಾರಿನ ಎಸಿ ಮತ್ತು ರೇಡಿಯೇಟರ್ ಫ್ಯಾನ್ ತಪಾಸಣೆ

ಏಪ್ರಿಲ್ ಮೊದಲ ವಾರ, ಕಲಬುರಗಿ

ಕಾರು ಪೆಟ್ರೋಲ್ ಎಂಜಿನ್ನಿನ ಹಳೆಯ ಹ್ಯಾಚ್‌ಬ್ಯಾಕ್. ಇದರಲ್ಲಿ ಎಂಜಿನ್ನನ್ನು ತಣಿಸುವ ರೇಡಿಯೇಟರಿಗೂ ಎಸಿಯ ಶಾಖವನ್ನು ಹೊರಹಾಕುವ ಕಂಡೆನ್ಸರಿಗೂ ಸೇರಿ ಒಂದೇ ಫ್ಯಾನ್ ಇದೆ. ಹುಮನಾಬಾದ್ ಕಡೆಯ ಹೆದ್ದಾರಿಯಲ್ಲಿ ಹೋಗುವಾಗ ಎಸಿ ಚೆನ್ನಾಗಿ ತಂಪು ಕೊಡುತ್ತದೆ. ಊರೊಳಗೆ ಬಂದು ಸಿಗ್ನಲ್‌ನಲ್ಲಿ ನಿಂತರೆ ಸ್ವಲ್ಪ ಹೊತ್ತಿನಲ್ಲೇ ಗಾಳಿ ಬೆಚ್ಚಗಾಗುತ್ತದೆ, ಎಂಜಿನ್ ಉಷ್ಣತೆಯ ಮುಳ್ಳು ಅರ್ಧವನ್ನು ದಾಟಿ ಮೇಲೇರುತ್ತದೆ. ಮತ್ತೆ ವೇಗ ಹಿಡಿದರೆ ಎರಡೂ ತಾವಾಗಿಯೇ ಸರಿಹೋಗುತ್ತವೆ.

ಗ್ಯಾರೇಜಿನಲ್ಲಿ ತೋರಿಸಿದಾಗ, ಫ್ಯಾನ್ ತಿರುಗುತ್ತಿರುವುದನ್ನು ನೋಡಿ, ಎಸಿಯ ಗ್ಯಾಸ್ ಕಡಿಮೆಯಾಗಿರಬೇಕು, ತುಂಬಿಸಿದರೆ ಸರಿಹೋಗುತ್ತದೆ ಎಂದರು. ನಾನು ಒಪ್ಪಲಿಲ್ಲ. ಗ್ಯಾಸ್ ಕಡಿಮೆಯಾಗಿದ್ದರೆ ಹೆದ್ದಾರಿಯಲ್ಲೂ ತಂಪು ಕುಗ್ಗಬೇಕಿತ್ತು. ಅದೂ ಅಲ್ಲದೆ ಗ್ಯಾಸಿನ ಕೊರತೆಯಿಂದ ಎಂಜಿನ್ ಬಿಸಿಯಾಗುವುದಿಲ್ಲ. ಎರಡು ತೊಂದರೆಗಳು ಒಟ್ಟಿಗೇ ಬಂದು ಒಟ್ಟಿಗೇ ಹೋಗುತ್ತಿರುವಾಗ ಎರಡಕ್ಕೂ ಸೇರಿದ ಭಾಗವನ್ನೇ ಮೊದಲು ಪರೀಕ್ಷಿಸುವುದು ಸರಿಯಾದ ಕ್ರಮ. ಈ ಕಾರಿನಲ್ಲಿ ಆ ಭಾಗವೆಂದರೆ ಫ್ಯಾನ್.

ಈ ಕಾರಿನ ಎಸಿಯಲ್ಲಿರುವುದು ಆರ್-134ಎ ಗ್ಯಾಸ್. ಕಂಪ್ರೆಸರ್ ಅದನ್ನು ಒತ್ತಿ ಬಿಸಿ ಮಾಡಿ ಕಂಡೆನ್ಸರಿಗೆ ಕಳಿಸುತ್ತದೆ. ಅಲ್ಲಿ ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟುಕೊಟ್ಟ ಮೇಲೆಯೇ ಅದು ದ್ರವವಾಗುತ್ತದೆ. 60 ಡಿಗ್ರಿಯಲ್ಲಿ ದ್ರವವಾಗಲು ಸುಮಾರು 17 ಬಾರ್ ಒತ್ತಡ ಸಾಕು, 80 ಡಿಗ್ರಿಗೆ ಹೋದರೆ ಸುಮಾರು 26 ಬಾರ್ ಬೇಕು. ನಮ್ಮ ಬೇಸಿಗೆಯಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿಯನ್ನು ದಾಟಿರುವಾಗ, ಕಂಡೆನ್ಸರಿನ ಮೇಲೆ ಗಾಳಿ ಹರಿಯದಿದ್ದರೆ ಒತ್ತಡ ಏರುತ್ತಲೇ ಹೋಗಿ, ಸುಮಾರು 30 ಬಾರ್ ಹತ್ತಿರ ಪ್ರೆಶರ್ ಸ್ವಿಚ್, ಕಂಪ್ರೆಸರನ್ನು ಎಂಜಿನ್ನಿಗೆ ಜೋಡಿಸುವ ಕ್ಲಚ್ಚನ್ನು ಬಿಡಿಸಿಬಿಡುತ್ತದೆ, ಕಂಪ್ರೆಸರ್ ನಿಲ್ಲುತ್ತದೆ. ಇಂಥ ಸ್ಥಿತಿಯಲ್ಲಿ ಇನ್ನಷ್ಟು ಗ್ಯಾಸ್ ತುಂಬಿಸಿದರೆ ಒತ್ತಡ ಮತ್ತೂ ಹೆಚ್ಚುತ್ತದೆಯೇ ಹೊರತು ತಂಪು ಹೆಚ್ಚುವುದಿಲ್ಲ.

ಅದೇ ವಾರಾಂತ್ಯ

ಬಾನೆಟ್ ತೆರೆದು, ಎಂಜಿನ್ನನ್ನು ನಿಂತಲ್ಲೇ ಓಡಿಸಿ, ಎಸಿ ಹಾಕಿ ಕಾದೆ. ಸ್ವಲ್ಪ ಹೊತ್ತಿನ ಬಳಿಕ ಕ್ಲಚ್ ಟಕ್ಕೆಂದು ಬಿಟ್ಟುಕೊಂಡಿತು, ಗಾಳಿ ಬಿಸಿಯಾಯಿತು. ಆಗ ಮುಂಭಾಗದ ಜಾಲರಿಯ ಮೂಲಕ ಕಂಡೆನ್ಸರಿನ ಮೇಲೆ ಒಂದು ಮಗ್ ನೀರನ್ನು ನಿಧಾನವಾಗಿ ಸುರಿದೆ. ಕ್ಲಚ್ ಮತ್ತೆ ಕಚ್ಚಿಕೊಂಡು ಒಳಗೆ ತಂಪು ಗಾಳಿ ಬರತೊಡಗಿತು. ಅಂದರೆ ಕೊರತೆಯಿದ್ದುದು ಕಂಡೆನ್ಸರ್ ತಣಿಯುವುದರಲ್ಲಿ, ಗ್ಯಾಸಿನಲ್ಲಲ್ಲ. ಖರ್ಚಿಲ್ಲದ ಈ ಪರೀಕ್ಷೆಯನ್ನು, ಗ್ಯಾಸಿಗೆ ಹಣ ಕೊಡುವ ಮೊದಲು ಯಾರಾದರೂ ಮಾಡಿ ನೋಡಬಹುದು. ಕೈ, ಬಟ್ಟೆಗಳನ್ನು ಮಾತ್ರ ಫ್ಯಾನಿನಿಂದ ದೂರವಿಡಬೇಕು. ಕೆಲವು ಕಾರುಗಳಲ್ಲಿ ಎಂಜಿನ್ ಆರಿಸಿದ ಮೇಲೂ ಅದು ತಟ್ಟನೆ ತಿರುಗಬಹುದು.

ಫ್ಯಾನ್ ತಿರುಗುತ್ತಿತ್ತು ಎಂಬುದು ನಿಜ, ಆದರೆ ಅದು ಎಳೆಯುತ್ತಿದ್ದ ಗಾಳಿ ತೀರ ಕಡಿಮೆಯಿತ್ತು. ರೇಡಿಯೇಟರಿನ ಅಗಲದ ಒಂದು ತೆಳು ಕಾಗದವನ್ನು ಜಾಲರಿಯ ಮುಂದೆ ಹಿಡಿದರೆ ಅದು ಅಂಟಿಕೊಳ್ಳದೆ ಜಾರಿ ಬಿದ್ದಿತು.

ಏಪ್ರಿಲ್ ಎರಡನೆಯ ವಾರ

ಫ್ಯೂಸ್ ಸರಿಯಿತ್ತು. ಫ್ಯಾನಿಗೆ ವಿದ್ಯುತ್ ಹಾಯಿಸುವ ಸ್ವಿಚ್ಚಾದ ರಿಲೇಯ ಜಾಗಕ್ಕೆ ಅದೇ ನಮೂನೆಯ ಹಾರ್ನ್ ರಿಲೇ ಹಾಕಿ ನೋಡಿದರೂ ವ್ಯತ್ಯಾಸ ಕಾಣಲಿಲ್ಲ. ಫ್ಯಾನಿಗೆ ಬ್ಯಾಟರಿಯಿಂದ ನೇರವಾಗಿ ವೈರ್ ಕೊಟ್ಟಾಗ ಅದು ಪೂರ್ಣ ವೇಗದಲ್ಲಿ ತಿರುಗಿತು. ಆದ್ದರಿಂದ ಮೋಟರ್ ಚೆನ್ನಾಗಿದೆ.

ಇದರ ನಂತರದ ಅಳತೆಯೇ ಈ ಇಡೀ ತಪಾಸಣೆಯ ತಿರುಳು. ಫ್ಯಾನಿನ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ ಬ್ಯಾಟರಿಯ ಪೂರ್ಣ ವೋಲ್ಟೇಜ್ ತೋರಿಸುತ್ತಿತ್ತು. ಅದನ್ನು ನಂಬಿದರೆ ವೈರಿಂಗಿನಲ್ಲಿ ದೋಷವೇ ಇಲ್ಲ ಎನ್ನಬೇಕಾಗುತ್ತದೆ. ಆದರೆ ಮೀಟರ್ ಎಳೆಯುವ ವಿದ್ಯುತ್ ತೀರ ಅತ್ಯಲ್ಪವಾದ್ದರಿಂದ, ತುಕ್ಕು ಹಿಡಿದ ಜೋಡಣೆಯೂ ಅದರ ಮುಂದೆ ಒಳ್ಳೆಯ ಜೋಡಣೆಯಂತೆಯೇ ಕಾಣುತ್ತದೆ. ಹೊರೆ ಬಿದ್ದಾಗ ಏನಾಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಫ್ಯಾನ್ ತಿರುಗುತ್ತಿರುವಾಗಲೇ ಅಳೆಯಬೇಕು. ಕನೆಕ್ಟರನ್ನು ಮತ್ತೆ ಜೋಡಿಸಿ, ಅದರ ಹಿಂಬದಿಯಿಂದ ಮೀಟರಿನ ಸೂಜಿ ತೂರಿಸಿ ಅಳೆದಾಗ, ಬ್ಯಾಟರಿಯಲ್ಲಿ 13.9 ವೋಲ್ಟ್ ಇದ್ದರೂ ಫ್ಯಾನಿಗೆ ಸಿಗುತ್ತಿದ್ದುದು 8.6 ವೋಲ್ಟ್ ಮಾತ್ರ.

ಉಳಿದ 5.3 ವೋಲ್ಟ್ ಎಲ್ಲಿ ಹೋಯಿತೆಂದು ಹುಡುಕುವುದು ಕಷ್ಟವಲ್ಲ. ಬ್ಯಾಟರಿಯ ಪಾಸಿಟಿವ್‌ನಿಂದ ಫ್ಯಾನಿನ ಪಾಸಿಟಿವ್‌ವರೆಗೆ ಮೀಟರ್ ಹಿಡಿದಾಗ 0.4 ವೋಲ್ಟ್ ಬಂದಿತು. ಫ್ಯಾನಿನ ನೆಗೆಟಿವ್‌ನಿಂದ ಬ್ಯಾಟರಿಯ ನೆಗೆಟಿವ್‌ವರೆಗೆ ಹಿಡಿದಾಗ 4.9 ವೋಲ್ಟ್! ದೋಷ ಅರ್ಥ್ ವೈರಿನಲ್ಲಿ, ಅಂದರೆ ಫ್ಯಾನಿನಿಂದ ವಿದ್ಯುತ್ತನ್ನು ಕಾರಿನ ಬಾಡಿಯ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಮರಳಿಸುವ ವೈರಿನಲ್ಲಿತ್ತು. ಹೆಡ್‌ಲೈಟಿನ ಕೆಳಗೆ ಕಾರಿನ ಬಾಡಿಯ ಮೇಲೆ ಬೋಲ್ಟ್ ಮಾಡಿದ್ದ ಲಗ್ (ವೈರಿನ ತುದಿಯ ಲೋಹದ ಕೊಂಡಿ) ಹಸಿರುಗಟ್ಟಿತ್ತು, ಅದರ ಪಕ್ಕದ ವೈರಿನ ಹೊದಿಕೆ ಕಂದಿ ಗಟ್ಟಿಯಾಗಿತ್ತು. ಆ ಜಾಗದಲ್ಲಿ 6 ಆಂಪಿಯರ್ ಹರಿಯುತ್ತಿತ್ತೆಂದು ಹಿಡಿದರೂ ಸುಮಾರು 29 ವ್ಯಾಟ್ ಶಾಖ ಆ ಒಂದೇ ಜೋಡಣೆಯಲ್ಲಿ ಹುಟ್ಟುತ್ತಿತ್ತು. ಹೊದಿಕೆ ಕಂದಿದ್ದು ಅದರಿಂದಲೇ.

ಕೆಟ್ಟ ಭಾಗವನ್ನು ಕತ್ತರಿಸಿ, 4 ಚದರ ಮಿಲಿಮೀಟರಿನ ತಾಮ್ರದ ವೈರಿಗೆ ಹೊಸ ಲಗ್ಗನ್ನು ಅದುಮಿ ಕೂರಿಸಿ (ಕ್ರಿಂಪ್ ಮಾಡಿ), ಬಾಡಿಯ ಬಣ್ಣವನ್ನು ಎಮರಿ ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ ಬೋಲ್ಟ್ ಬಿಗಿದೆ. ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದ್ದೇನೆ. ಈಗ ಅರ್ಥ್ ಕಡೆಯ ನಷ್ಟ 0.1 ವೋಲ್ಟ್. ಫ್ಯಾನಿನ ಸದ್ದೇ ಬದಲಾಗಿದೆ, ಜಾಲರಿಯ ಮುಂದೆ ಹಿಡಿದ ಕಾಗದ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ಏಪ್ರಿಲ್ ಕೊನೆ

ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಕೆಂಪು ಧೂಳು, ಹತ್ತಿಯ ಎಳೆ, ಸತ್ತ ಹುಳುಗಳು ಸೇರಿ ಕಂಬಳಿಯಂತೆ ಮೆತ್ತಿಕೊಂಡಿದ್ದವು. ಎಂಜಿನ್ ಪೂರ್ತಿ ತಣಿದ ಮೇಲೆ, ಎಂಜಿನ್ ಕಡೆಯಿಂದ ಹೊರಮುಖವಾಗಿ, ಕಡಿಮೆ ಒತ್ತಡದ ನೀರು ಬಿಟ್ಟು ತೊಳೆದೆ. ವಾಹನ ತೊಳೆಯುವಲ್ಲಿ ಬಳಸುವ ಜೋರಾದ ನೀರಿನ ಪೈಪು ಇಲ್ಲಿ ಬೇಡ. ಅಲ್ಯೂಮಿನಿಯಂ ರೆಕ್ಕೆಗಳು ಮಡಚಿಕೊಂಡರೆ ಗಾಳಿಯ ದಾರಿ ಮುಚ್ಚಿಹೋಗುತ್ತದೆ.

ಮಧ್ಯಾಹ್ನದ ಬಿಸಿಲಿನಲ್ಲಿ, ಕಾರು ನಿಂತಿರುವಾಗ, ಡ್ಯಾಶ್‌ಬೋರ್ಡಿನ ನಡುವಿನ ಎಸಿ ಕಿಂಡಿಯಲ್ಲಿಟ್ಟ ಥರ್ಮಾಮೀಟರ್ ಮೊದಲು 24 ಡಿಗ್ರಿಗಿಂತ ಕೆಳಗಿಳಿಯುತ್ತಿರಲಿಲ್ಲ. ಈಗ 12ಕ್ಕೆ ಬಂದು ನಿಲ್ಲುತ್ತದೆ. ಎಂಜಿನ್ ಮುಳ್ಳು ಅರ್ಧದ ಕೆಳಗೇ ಇದೆ. ಗ್ಯಾಸನ್ನು ಮುಟ್ಟಿಯೇ ಇಲ್ಲ.

ಪಾಸಿಟಿವ್ ಕಡೆಯ 0.4 ವೋಲ್ಟ್ ನಷ್ಟ ನನಗೆ ಇನ್ನೂ ಸಮಾಧಾನ ತಂದಿಲ್ಲ. ರಿಲೇ ಕೂರುವ ಸಾಕೆಟ್ಟಿನ ಪಿನ್‌ಗಳು ಸಡಿಲವಾಗಿರುವಂತೆ ತೋರುತ್ತವೆ. ಮುಂದಿನ ಬಿಡುವಿನಲ್ಲಿ ಅವುಗಳನ್ನು ಹೊರತೆಗೆದು ಬದಲಾಯಿಸಿ, ಅದೇ ಕ್ರಮದಲ್ಲಿ ಮತ್ತೆ ಅಳೆದು ಫಲಿತಾಂಶವನ್ನು ಇಲ್ಲಿ ದಾಖಲಿಸುತ್ತೇನೆ.